ಅಳಿಯ ಬರೆಯಬೇಕಾದ ಗುಡ್ಡ

ತಪ್ಪು ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಉಳಿದದ್ದನ್ನು ಹೇಳುವುದು ಸಲೀಸು. ಯಾರಾದರೂ ಅಳುವುದನ್ನು ಕಂಡರೆ ಕೈಗೆ ಸಿಕ್ಕಿದ್ದನ್ನು ಕೊಟ್ಟುಬಿಡುವ ಚಾಳಿ ನನಗೆ ಮೊದಲಿನಿಂದಲೂ ಇದೆ. ಮೂವತ್ತೊಂದು ವರ್ಷ ನಮ್ಮೂರ ಶಾಲೆಯಲ್ಲಿ ಪಾಠ ಹೇಳುವಾಗ ಹೀಗೆ ಎಷ್ಟು ಪೆನ್ಸಿಲು ಕಳೆದುಕೊಂಡೆನೋ. ಆ ಭಾನುವಾರವೂ ಪೆನ್ಸಿಲು ಕೊಟ್ಟು ಸುಮ್ಮನಾಗಬಹುದಿತ್ತು.

ಅಳುತ್ತಿದ್ದವಳು ಇಮೋಜೆನ್ ಎಂಬ ಇಪ್ಪತ್ತಾರು ವರ್ಷದ ಬಿಳಿಯರ ಹುಡುಗಿ. ಊರವರೆಲ್ಲ ಸೇರಿ ಒಂದು ದೊಡ್ಡ ಚಿತ್ರ ಬರೆಯುವ ಒಂದು ವಾರದ ಕಮ್ಮಟ ನಡೆಸಲು ಹಿಂದಿನ ದಿನವಷ್ಟೇ ಅಡಿಲೇಡಿನಿಂದ, ಆಸ್ಟ್ರೇಲಿಯಾದ ನಟ್ಟನಡುವೆ ಮೂಲನಿವಾಸಿಗಳಾದ ನಮ್ಮ ಊರು ಬ್ಲಡ್‌ವುಡ್ ಬೋರಿಗೆ ಬಂದಿದ್ದಳು. ದಾರಿಯಲ್ಲಿ ಎರಡು ಟೈರು ಹೋಗಿದ್ದವು. ತಂದಿದ್ದ ಬ್ರೆಡ್ಡನ್ನು ಊರ ನಾಯಿಗಳು ಪ್ಲಾಸ್ಟಿಕ್ ಚೀಲದ ಸಮೇತ ತಿಂದಿದ್ದವು. ನನ್ನ ವರಾಂಡದಲ್ಲಿ ಕೂತು, "ಇಲ್ಲಿ ನನಗೆ ಯಾರೂ ಇಲ್ಲ" ಎಂದು ಮೂಗು ಒರೆಸಿಕೊಂಡಳು.

"ಯಾರೂ ಇಲ್ಲ ಅಂದ್ರೇನು? ನಾನಿಲ್ವಾ? ಇವತ್ತಿಂದ ನೀನು ನನ್ನ ತಂಗಿ," ಅಂದೆ.

ನಮ್ಮಲ್ಲಿ ಇದು ಬಾಯುಪಚಾರದ ಮಾತಲ್ಲ. ನಂಟಿಲ್ಲದ ಮನುಷ್ಯರನ್ನು ಎಲ್ಲಿ ಕೂರಿಸಬೇಕು, ಅವರ ಜೊತೆ ಯಾವ ತಮಾಷೆ ಮಾಡಬಹುದು ಎಂದೇ ನಮಗೆ ತಿಳಿಯುವುದಿಲ್ಲ. ಒಬ್ಬರಿಗೆ ತಂಗಿಯಾದಳೆಂದರೆ ಊರಿನ ಮುನ್ನೂರು ಜನಕ್ಕೂ ಅವಳು ಏನಾದರೊಂದು ಆದಳು. ಸಂಜೆಯೊಳಗೆ ಇಮೋಜೆನ್‌ಗೆ ಹನ್ನೊಂದು ಮೊಮ್ಮಕ್ಕಳಿದ್ದರು. ಅವಳು ಕಣ್ಣೊರೆಸಿಕೊಂಡು ನಕ್ಕಳು. ಒಳ್ಳೆಯ ಕೆಲಸವಾಯಿತು ಎಂದುಕೊಂಡು ನಾನೂ ನಿಶ್ಚಿಂತೆಯಾಗಿ ಮಲಗಿದೆ.

ನನಗೆ ತಂಗಿಯಾದವಳು ಡಲ್ಸಿಗೂ ತಂಗಿ, ಡಲ್ಸಿಗೆ ತಂಗಿಯಾದವಳು ಡಲ್ಸಿಯ ಅಳಿಯನಿಗೆ ಅತ್ತೆ ಎನ್ನುವುದು ನನಗೆ ಹೊಳೆಯಲೇ ಇಲ್ಲ. ಕಾಲೇಜು ಓದಿದವಳು ನಾನು.

ಡಲ್ಸಿ ನನ್ನ ದೊಡ್ಡಪ್ಪನ ಮಗಳು, ನನಗಿಂತ ನಾಲ್ಕು ವರ್ಷ ದೊಡ್ಡವಳು. ಮೂತ್ರಪಿಂಡ ಕೈಕೊಟ್ಟ ಮೇಲೆ ಎರಡು ವರ್ಷ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದ ಹಾಸ್ಟೆಲಿನಲ್ಲಿ ಒಬ್ಬಳೇ ಇದ್ದಳು. ಎರಡು ತಿಂಗಳ ಹಿಂದೆ ನಮ್ಮೂರ ಕ್ಲಿನಿಕ್ಕಿಗೇ ಡಯಾಲಿಸಿಸ್ ಯಂತ್ರ ಬಂದದ್ದರಿಂದ ಮನೆಗೆ ಮರಳಿದಳು. ಸೋಮವಾರ, ಬುಧವಾರ, ಶುಕ್ರವಾರ, ದಿನಕ್ಕೆ ಐದು ಗಂಟೆ ಅವಳು ಆ ಕುರ್ಚಿಯಲ್ಲಿರಬೇಕು. ಎದುರಿನ ಗೋಡೆಯ ಮೇಲೆ, ಕೈ ತೊಳೆಯುವುದು ಹೇಗೆ ಎಂದು ತೋರಿಸುವ ಆರು ಚಿತ್ರಗಳ ಒಂದು ಹಾಳೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಅದನ್ನ ನೋಡಿ ನೋಡಿ ಈಗ ಕನಸಲ್ಲೂ ಕೈ ತೊಳೀತೀನಿ," ಅನ್ನುತ್ತಿದ್ದಳು. "ಬೆರಳ ಸಂದಿ ಸಮೇತ."

ಆ ಗೋಡೆಗಾಗಿಯೇ ಈ ಕಮ್ಮಟ. ಏನು ಬರೆಯಬೇಕೆಂದು ಡಲ್ಸಿ ಆಗಲೇ ತೀರ್ಮಾನಿಸಿದ್ದಳು. ಅವಳಪ್ಪನ ನೀರಿನ ಹೊಂಡದಿಂದ ಹೊರಟು, ಹಿಂದಿನ ಕಾಲದ ಹೆಂಗಸರು ಕಾಡುಗೆಣಸು ಅಗೆಯುತ್ತ ಕೆಂಪು ಗುಡ್ಡದವರೆಗೆ ನಡೆದ ದಾರಿ. ಹೊಂಡ ನಮ್ಮ ಮನೆತನದ್ದು, ದಾರಿಯೂ ನಮ್ಮದೇ. ಗುಡ್ಡ ಮಾತ್ರ ಅಳಿಯನ ಅಪ್ಪನದು. ಅದನ್ನು ಬರೆಯುವ ಹಕ್ಕಿರುವವನು ಈಗ ಊರಿನಲ್ಲಿ ಅಳಿಯನೊಬ್ಬನೇ.

"ಅವರಿಗೆ ತೊಂದರೆ ಅನ್ನೋದಾದ್ರೆ, ಫೋಟೋ ನೋಡಿಕೊಂಡು ಬೇರೆ ಯಾರಾದ್ರೂ ಗುಡ್ಡ ಬರೀಬಹುದಲ್ವಾ?" ಎಂದು ಇಮೋಜೆನ್ ಕೇಳಿದಳು.

"ನಿಮ್ಮಮ್ಮನ ಮನೆ ಬಾಗಿಲು ಕಿಟಕಿ ಎಲ್ಲ ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ಅಂತ ನಾನು ಹೋಗಿ ಒಳಗೆ ಮಲಗಿಬಿಡ್ಲಾ ತಂಗಿ?" ಅಂದಳು ಡಲ್ಸಿ, ತುಂಬ ಪ್ರೀತಿಯಿಂದ.

ಅಳಿಯನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅಕ್ಕನ ಅಳಿಯ ನನಗೂ ಅಳಿಯ. ಅತ್ತೆಯಾದವಳು ಅಳಿಯನ ಹೆಸರು ಎತ್ತುವುದಿಲ್ಲ, ಮುಖ ನೋಡುವುದಿಲ್ಲ, ಅವನೊಂದಿಗೆ ಮಾತಾಡುವುದಿಲ್ಲ, ಅವನಿರುವ ಸೂರಿನಡಿ ಕೂರುವುದಿಲ್ಲ. ಅವನೂ ಹಾಗೆಯೇ. ಇದು ಜಗಳವಲ್ಲ, ಮರ್ಯಾದೆ. ಅಂಗಡಿಯಲ್ಲಿ ಡಲ್ಸಿಯ ದನಿ ಕೇಳಿದರೆ ಅವನು ತಳ್ಳುಗಾಡಿಯನ್ನು ಹಿಟ್ಟಿನ ಮೂಟೆಗಳ ಹತ್ತಿರ ಬಿಟ್ಟು ಹಿಂಬಾಗಿಲಿನಿಂದ ಹೋಗಿಬಿಡುತ್ತಾನೆ. ಅವನು ಬಿಟ್ಟುಹೋದ ಸಾಮಾನನ್ನು ಡಲ್ಸಿ ತನ್ನ ಮಗಳ ಮನೆಗೆ ಕಳಿಸುತ್ತಾಳೆ. ಊರ ಮಣ್ಣು ರಸ್ತೆಗಳನ್ನು ಸಮ ಮಾಡುವ ಗ್ರೇಡರ್ ಓಡಿಸುವುದು ಅವನ ಕೆಲಸ. ಡಲ್ಸಿ ಬಟ್ಟೆ ಒಣಗಹಾಕಿದ ದಿನ ಅವನು ಆ ಬೀದಿಗೆ ಬರದೆ ಸುತ್ತು ಹಾಕಿಕೊಂಡು ಹೋಗುವುದನ್ನು ಹದಿನೆಂಟು ವರ್ಷಗಳಿಂದ ನೋಡುತ್ತಿದ್ದೇನೆ. ಅವಳ ಒಂದೇ ಒಂದು ಬಟ್ಟೆಯ ಮೇಲೂ ಅವನ ಗಾಡಿಯ ಧೂಳು ಕೂತದ್ದಿಲ್ಲ.

ಆ ವಾರ ಅವನು ಊರಿನಲ್ಲಿದ್ದದ್ದೇ ಒಂದು ಅದೃಷ್ಟ. ಗ್ರೇಡರಿನ ಪಂಪು ಕೆಟ್ಟು, ಹೊಸ ಪಂಪು ಟಪಾಲು ವಿಮಾನದಲ್ಲಿ ಬರಬೇಕಿತ್ತು. ಬಂದ ಮರುದಿನವೇ ಅವನು ಉತ್ತರದ ರಸ್ತೆಗೆ ಹೋಗಬೇಕು, ಎರಡು ತಿಂಗಳು ಬರುವುದಿಲ್ಲ. ಅಷ್ಟರೊಳಗೆ ಗುಡ್ಡ ಮುಗಿಯಬೇಕು.

ನಾನು ಒಂದು ಸುಲಭದ ಉಪಾಯ ಮಾಡಿದ್ದೆ. ಡಲ್ಸಿ ಯಂತ್ರದಲ್ಲಿರುವ ಸೋಮ, ಬುಧ, ಶುಕ್ರ ಅಳಿಯ ಬಂದು ಬರೆಯುವುದು. ಮಂಗಳ, ಗುರು, ಶನಿ ನಾವು ಹೆಂಗಸರು. ಸಭಾಂಗಣದ ಬೀಗದ ಕೈ ಇಮೋಜೆನ್ ಹತ್ತಿರ. ಬಣ್ಣ ಎಲ್ಲಿರುತ್ತದೋ ಅಲ್ಲಿ ಅವಳಿರಬೇಕೆಂದು ಅವಳನ್ನು ಕಳಿಸಿದವರು ಬರೆದುಕೊಟ್ಟಿದ್ದರು.

ಸೋಮವಾರ ಬೆಳಿಗ್ಗೆ ಅವಳು ಬಾಗಿಲಲ್ಲೇ ನಿಂತಿದ್ದಳು. ಇಲ್ಲಿಗೆ ಬರುವ ಮೊದಲು ಒಂದು ದಿನದ ತರಬೇತಿ ಪಡೆದಿದ್ದಳಂತೆ. ಇಲ್ಲಿಯವರ ಕೈಯನ್ನು ಮೆತ್ತಗೆ ಕುಲುಕಬೇಕು ಎಂದು ಅದರಲ್ಲಿ ಹೇಳಿಕೊಟ್ಟಿದ್ದರು. ಅಳಿಯ ಹಿಂಬಾಗಿಲಿನಿಂದ ಬಂದು ಕ್ಯಾನ್ವಾಸಿನ ಹತ್ತಿರ ಕೂತಾಗ ಅವಳು ಸರಸರನೆ ಹೋಗಿ ಮೆತ್ತಗೆ ಕೈ ಚಾಚಿ, "ನಾನು ಇಮೋಜೆನ್! ನಿಮ್ಮ ಹೊಸ ಅತ್ತೆ!" ಅಂದಳು.

ಆಮೇಲಿನದನ್ನು ನಮಗೆ ಹೇಳಿದವಳು ಶರೆಲ್, ಡಲ್ಸಿಯ ಮಗಳು, ಅಳಿಯನ ಹೆಂಡತಿ. ಕ್ಲಿನಿಕ್ಕಿನಲ್ಲಿ ಡಯಾಲಿಸಿಸ್ ಕೋಣೆ ನೋಡಿಕೊಳ್ಳುವವಳೂ ಅವಳೇ. ಸದ್ದು ಕೇಳಿ ಅಂಗಳ ದಾಟಿ ಓಡಿದ್ದಳು.

"ಹಿಂಬಾಗಿಲಿಗೆ ಅಡ್ಡವಾಗಿ ನಮ್ಮ ಹೊಸ ಪುಟ್ಟ ಚಿಕ್ಕಮ್ಮ ನಿಂತಿದ್ರಲ್ಲ, ನಮ್ಮನೆಯವರು ಕಿಟಕಿಗೆ ನುಗ್ಗಿದ್ರು. ಆ ಹೊಟ್ಟೆಗೆ ಆ ಕಿಟಕಿ ಸಾಕಾಗುತ್ತಾ? ಅರ್ಧ ಆಚೆ, ಅರ್ಧ ಈಚೆ."

"ಆಮೇಲೆ?"

"ಪುಟ್ಟ ಚಿಕ್ಕಮ್ಮ ಪಾಪ ಒಳ್ಳೇವ್ರು. ಸಹಾಯ ಮಾಡೋಣ ಅಂತ ಎರಡೂ ಕಾಲು ಹಿಡಿದು ತಳ್ಳಿದ್ರು."

ಡಲ್ಸಿ ಎಷ್ಟು ನಕ್ಕಳೆಂದರೆ ಯಂತ್ರ ಕುಂಯ್ ಕುಂಯ್ ಎಂದು ಕೂಗಿಕೊಂಡಿತು. ಶರೆಲ್ ಗುಂಡಿ ಒತ್ತಿ ಅದನ್ನು ಸಮಾಧಾನ ಮಾಡಬೇಕಾಯಿತು. ನಗು ಇಳಿದ ಮೇಲೆ ಡಲ್ಸಿ ಕೇಳಿದಳು: "ಗುಡ್ಡ?"

ಗುಡ್ಡವಿರಲಿ, ಒಂದು ಚುಕ್ಕಿಯೂ ಇಲ್ಲ. ಅಳಿಯ ಮರದಡಿ ನಿಂತಿದ್ದ ಗ್ರೇಡರಿನ ಕೆಳಗೆ ಹೋಗಿ ಅಂಗಾತ ಮಲಗಿ, ಪಂಪಿಲ್ಲದ ಗಾಡಿಯನ್ನು ಸಂಜೆಯವರೆಗೆ ರಿಪೇರಿ ಮಾಡಿದ.

ಮಂಗಳವಾರ ನಮ್ಮ ಸರದಿ. ನೆಲದ ಮೇಲೆ ಹಾಸಿದ ಕ್ಯಾನ್ವಾಸು ಒಂದು ಸಣ್ಣ ಕೋಣೆಯಷ್ಟಿತ್ತು. ಎಂಟು ಹೆಂಗಸರು ಸುತ್ತ ಕೂತು, ಮಾಂಸ ಸುಡುವ ಬಿದಿರುಕಡ್ಡಿಗಳ ತುದಿಯಿಂದ ಚುಕ್ಕಿ ಇಡತೊಡಗಿದೆವು. ನೀರಿನ ಹೊಂಡ ಸುತ್ತು ಸುತ್ತಾಗಿ ಮೇಲೆದ್ದಿತು. ಹೆಂಗಸರ ಹೆಜ್ಜೆಗಳನ್ನು ಡಲ್ಸಿ ಬಣ್ಣ ಹಚ್ಚಿದ ಅಂಗೈ ಅಂಚನ್ನು ಒತ್ತಿ ತಾನೇ ಇಟ್ಟಳು, ಬೇರೆಯವರಿಗೆ ಬಿಡಲಿಲ್ಲ. ಡೀಸೆಲ್ ಎಂಬ ಅವಳ ಕರಿ ನಾಯಿ ಎರಡು ಸಲ ಹೊಂಡದ ಮೇಲೆ ನಡೆಯಿತು. ಅದರ ಹೆಜ್ಜೆಗಳ ಮೇಲೆ ನಾನು ಮಣ್ಣಿನ ಬಣ್ಣ ಬಳಿದೆ.

ಇಮೋಜೆನ್ ಮೂಲೆಯಲ್ಲಿ ಕೂತು ಬಣ್ಣ ಕಲಸುತ್ತ, "ನಾನು ಎಲ್ಲ ಹಾಳು ಮಾಡಿಬಿಟ್ಟೆ" ಎಂದು ಮತ್ತೆ ಮೂಗೆಳೆದಳು.

"ಹಾಳು ಮಾಡಿದ್ದು ನೀನಲ್ಲ, ಇವಳು," ಎಂದು ಡಲ್ಸಿ ನನ್ನತ್ತ ಕಡ್ಡಿ ತೋರಿಸಿದಳು. "ನೊರೀನ್, ಊರಲ್ಲಿ ಅವನ ಹತ್ರ ಹೋಗಿ ಬಣ್ಣ ಕೊಡೋಕೆ ಲಾಯಕ್ಕಾಗಿದ್ದೋಳು ಈ ಹುಡುಗಿಯೊಬ್ಬಳೇ ಇದ್ಲು. ಅವಳನ್ನೂ ಅತ್ತೆ ಮಾಡಿ ಕೂರಿಸಿದ್ಯಲ್ಲ!"

"ಹಾಗಾದ್ರೆ ತಂಗಿ ಬೇಡ ಅಕ್ಕ, ಮಗಳು ಅಂದ್ಬಿಡೋಣ," ಅಂದೆ, ಸಂಕಟದಿಂದ.

"ಕೊಟ್ಟ ನಂಟು ವಾಪಸ್ ತಗೊಳ್ಳೋಕೆ ಅದೇನು ಬಕೆಟ್ಟಾ? ಅದೂ ಅಲ್ದೆ, ನಿನ್ನ ಮಗಳು ಅಂದ್ರೆ ಶರೆಲ್‌ಗೆ ಏನಾಗ್ತಾಳೆ?"

"ತಂಗಿ."

"ಹೆಂಡ್ತಿ ತಂಗಿ ಅವನಿಗೆ?"

ನಮ್ಮಲ್ಲಿ ಹೆಂಡತಿಯ ತಂಗಿಯೂ ಹೆಂಡತಿಯ ಸಾಲಿನವಳೇ. ಊಟಕ್ಕೆ ಬಿಡುವು ಸಿಕ್ಕಿ ಬಾಗಿಲಲ್ಲಿ ನಿಂತಿದ್ದ ಶರೆಲ್ ಕೈಯಲ್ಲಿದ್ದ ಸ್ಯಾಂಡ್‌ವಿಚ್ ಇಳಿಸಿ, "ಚಿಕ್ಕಮ್ಮಾ, ದಯವಿಟ್ಟು ಅತ್ತೆಯಾಗೇ ಇರ್ಲಿ," ಅಂದಳು.

"ಅತ್ತೆ ಏನೇನು ಮಾಡಬೇಕು? ಹೇಳಿಕೊಡಿ, ಕಲೀತೀನಿ," ಎಂದು ಇಮೋಜೆನ್ ಪುಸ್ತಕ, ಪೆನ್ನು ತೆಗೆದಳು.

"ಏನೂ ಮಾಡಬಾರದು," ಅಂದಳು ಡಲ್ಸಿ. "ಕಣ್ಣಿಗೆ ಬೀಳದೆ ಇರೋದೇ ಕೆಲಸ. ಬೀಳದೆ ಇದ್ದು, ಅವನು ಉಂಡನಾ, ಅವನ ಅಂಗಿ ಹರಿದಿದೆಯಾ, ಅಷ್ಟು ಮಾತ್ರ ಗೊತ್ತಿರಬೇಕು."

ಇಮೋಜೆನ್ ಅದನ್ನು ಬರೆದುಕೊಂಡಳು. ಆಮೇಲೆ, "ಅವರು ಟೀಗೆ ಎಷ್ಟು ಚಮಚ ಸಕ್ಕರೆ ಹಾಕ್ಕೋತಾರೆ?" ಎಂದು ಶರೆಲ್‌ನ ಕೇಳಿದಳು. ಆ ಹುಡುಗಿಯ ಬಗ್ಗೆ ನನಗೆ ಧೈರ್ಯ ಬಂದದ್ದು ಆಗ.

ಬುಧವಾರ ಬೆಳಿಗ್ಗೆ ಅವಳು ತನ್ನ ಜೀಪಿನ ಟಾರ್ಪಾಲನ್ನು ಸಭಾಂಗಣದ ನಡುವೆ ಹಗ್ಗಕ್ಕೆ ನೇತುಹಾಕಿದಳು. ಒಂದು ಕಡೆ ಕ್ಯಾನ್ವಾಸು, ಇನ್ನೊಂದು ಕಡೆ ಬಣ್ಣದ ಡಬ್ಬಗಳು ಮತ್ತು ಅವಳು. ಸೂರು ಒಂದೇ ಆದರೂ ಕೋಣೆ ಎರಡು ಎಂದು ಡಲ್ಸಿ ಒಪ್ಪಿದಳು. ಆದರೆ ಅಳಿಯ ಬರಲು ಒಪ್ಪಲಿಲ್ಲ. ಶರೆಲ್ ಗ್ರೇಡರಿನ ಹತ್ತಿರ ಕೂತು, ಕೆಳಗಿನಿಂದ ಕಾಣುತ್ತಿದ್ದ ಎರಡು ಬೂಟುಗಳ ಜೊತೆ ಅರ್ಧ ಗಂಟೆ ಮಾತಾಡಿದಳು.

"ಕಾಲು ಮುಟ್ಟಿಬಿಟ್ರು ಅವರು," ಅಂದವಂತೆ ಬೂಟುಗಳು.

"ಅವರಿಗೆ ಗೊತ್ತಿರ್ಲಿಲ್ಲ."

"ನಂಗೆ ಗೊತ್ತಿತ್ತಲ್ಲ."

"ಅಮ್ಮ ಕುರ್ಚಿಗೆ ಹೋಗೋ ಮೊದ್ಲು ಕೇಳಿದ್ರು. ಗುಡ್ಡ ಇಲ್ದೆ ಹೋದ್ರೆ ಆ ಹೆಂಗಸರು ಎಲ್ಲಿಗೆ ಹೋಗಿ ಸೇರ್ತಾರೆ ಅಂತ. ನಾನೇನು ಹೇಳ್ಲಿ?"

ಬೂಟುಗಳು ಒಳಗೆ ಸರಿದು, ಆ ಕಡೆಯಿಂದ ಮನುಷ್ಯ ಎದ್ದು ಬಂದ.

ಅವನು ಕೂತ. ಟಾರ್ಪಾಲಿನ ಕೆಳಗಿನ ಸಂದಿಯಿಂದ ಒಂದು ಪೊರಕೆಯ ಹಿಡಿ ಮೆಲ್ಲಗೆ ತೂರಿಬಂತು. ಅದರ ಮುಂದೆ ಕೆಂಪು ಬಣ್ಣದ ಬಟ್ಟಲು. ಬಟ್ಟಲು ತಲುಪಿದ ಮೇಲೆ ಪೊರಕೆ ಹಿಂದೆ ಹೋಯಿತು. ಎರಡನೆಯ ಸಲ ಬಂದದ್ದು ಹಳದಿ. ಮೂರನೆಯ ಸಲ ಟೀ, ಐದು ಚಮಚ ಸಕ್ಕರೆ ಹಾಕಿದ್ದು, ಒಂದು ಹನಿ ಚೆಲ್ಲದಂತೆ. ಅದಾದ ಮೇಲೆ ಅವನು ಕಡ್ಡಿ ಎತ್ತಿಕೊಂಡ ಎಂದು ಶರೆಲ್ ಹೇಳಿದಳು.

ಡಯಾಲಿಸಿಸ್ ಕೋಣೆಯ ಕಿಟಕಿಗೂ ಸಭಾಂಗಣದ ಕಿಟಕಿಗೂ ನಡುವೆ ಇಪ್ಪತ್ತು ಹೆಜ್ಜೆ ಅಂಗಳ. ಕಿಟಕಿಗೆ ಮಸುಕು ಗಾಜು, ಏನೂ ಕಾಣದು, ಆದರೆ ಎಲ್ಲ ಕೇಳುತ್ತದೆ. ನಾನು ಡಲ್ಸಿಯ ಪಕ್ಕದಲ್ಲಿ ಹೆಣಿಗೆ ಹಿಡಿದು ಕೂತಿದ್ದೆ. ಹೊರಗೆ ಡೀಸೆಲ್ ಬಿಸಿಲಲ್ಲಿ ಬಿದ್ದುಕೊಂಡಿತ್ತು.

"ಡೀಸೆಲ್!" ಎಂದು ಡಲ್ಸಿ ಗಟ್ಟಿಯಾಗಿ ಕೂಗಿದಳು. "ಆ ಗುಡ್ಡದ ಎಡಗಡೆ ಒಂದು ಬಿಳಿ ಮರ ಇತ್ತು ಅಂತ ನಿಂಗೆ ನೆನಪಿದೆಯೇನೋ?"

ಡೀಸೆಲ್ ಕಿವಿ ಎತ್ತಿತು. ಆ ಕಡೆ ಒಂದು ಕೆಮ್ಮು. ಆಮೇಲೆ ತುಂಬ ಮರ್ಯಾದೆಯ ತಗ್ಗಿದ ದನಿ: "ಡೀಸೆಲ್, ಇತ್ತು. ಸಿಡಿಲು ಬಡಿಯೋಕೆ ಮುಂಚೆ."

"ಡೀಸೆಲ್, ಮುಂಚಿಂದೇ ನಾವು ಬರೀತಿರೋದು!"

"ಡೀಸೆಲ್, ಹಾಕ್ತಾ ಇದ್ದೀನಿ."

"ನಮ್ಮಪ್ಪನೂ ಆಗಿನ ಗುಡ್ಡದ ಯಜಮಾನ್ರೂ ಆ ಮರದ ನೆರಳಲ್ಲೇ ಉಡ ಸುಟ್ಕೊಂಡು ತಿಂತಿದ್ರು, ಗೊತ್ತೇನೋ ಡೀಸೆಲ್?"

"ಡೀಸೆಲ್," ಅಂದಿತು ದನಿ, "ಇದು ನಂಗೆ ಯಾರೂ ಹೇಳಿರ್ಲಿಲ್ಲ."

ತನ್ನನ್ನು ಇಷ್ಟು ಜನ ಇಷ್ಟು ಗೌರವದಿಂದ ಮಾತಾಡಿಸಿದ್ದು ಆ ನಾಯಿಯ ಜನ್ಮದಲ್ಲಿ ಅದೇ ಮೊದಲು. ಎರಡು ಕಿಟಕಿಗಳ ನಡುವೆ ಓಡಾಡಿ ಓಡಾಡಿ ಸುಸ್ತಾಗಿ, ಕೊನೆಗೆ ಯಾರ ಕೈಗೂ ಸಿಗದೆ ಹೊರಟುಹೋಯಿತು. ಅಲ್ಲಿಗೆ ಆ ದಿನದ ಮಾತೂ ಮುಗಿಯಿತು.

ಇಮೋಜೆನ್ ತನ್ನ ಕಚೇರಿಗೆ ದಿನಕ್ಕೊಂದು ಫೋಟೋ ಕಳಿಸಬೇಕಿತ್ತು, ಎಲ್ಲರೂ ಒಟ್ಟಾಗಿ ಕೆಲಸ ಮಾಡುತ್ತಿರುವಂಥದ್ದು. ಆ ದಿನದ ಫೋಟೋದಲ್ಲಿ ಒಂದು ನೀಲಿ ಟಾರ್ಪಾಲು, ಅದರ ಕೆಳಗೆ ಎರಡು ಬೂಟು, ಮುಂದೆ ಪೊರಕೆ ಹಿಡಿದ ಅವಳು. ನಮಗೆಲ್ಲ ತುಂಬ ಹಿಡಿಸಿತು, ಕಳಿಸಿದೆವು. "ಬಹಳ ಅರ್ಥಗರ್ಭಿತವಾಗಿದೆ" ಎಂದು ಉತ್ತರ ಬಂತು.

ಗುರುವಾರ ಬೆಳಿಗ್ಗೆ ನನ್ನ ಬಾಗಿಲ ಕೊಂಡಿಯಲ್ಲಿ ಒಂದು ಕಾಂಗರೂ ಬಾಲ ನೇತಾಡುತ್ತಿತ್ತು. ಡಲ್ಸಿಯ ಬಾಗಿಲಲ್ಲಿ ಇನ್ನೊಂದು. ಅಳಿಯ ಬೇಟೆಗೆ ಹೋಗಿಬಂದಾಗಲೆಲ್ಲ ಹೀಗೆ ಅತ್ತೆಯರ ಪಾಲು ಇಟ್ಟುಹೋಗುತ್ತಾನೆ. ಮೂರನೆಯದು, ಎಲ್ಲಕ್ಕಿಂತ ದಪ್ಪದ್ದು, ಕೂದಲ ಸಮೇತ, ಇಮೋಜೆನ್ ಬಾಗಿಲಲ್ಲಿತ್ತು. ಅವಳ ಕಿರುಚಾಟಕ್ಕೆ ಕಾಕಟೂ ಹಕ್ಕಿಗಳು ಮರ ಬಿಟ್ಟೆದ್ದವು.

"ನಾನು ಮಾಂಸ ತಿನ್ನಲ್ಲ," ಎಂದು ಅವಳು ಬಾಲವನ್ನು ಎರಡೂ ಕೈಯಲ್ಲಿ ಮಗುವಿನಂತೆ ಎತ್ತಿಕೊಂಡು ನಮ್ಮನೆಗೆ ಬಂದಳು. "ಅವರಿಗೆ ಬೇಜಾರಾಗುತ್ತಾ?"

"ಅಯ್ಯೋ, ಅವನಿಗೆ ಹೇಳಬೇಡ!" ಅಂದಳು ಡಲ್ಸಿ. "ನಿನ್ನ ಪಾಲು ನಾವು ತಿಂದು, ನೀನು ಚಪ್ಪರಿಸಿದೆ ಅಂತ ಹೇಳ್ತೀವಿ. ಅಷ್ಟು ಕಷ್ಟ ನಾವು ಪಡ್ತೀವಿ ಬಿಡು."

ಬೆಂಕಿಯಲ್ಲಿ ಕೂದಲು ಸುಟ್ಟು, ಕೆರೆದು, ಗುಂಡಿಯ ಬಿಸಿಬೂದಿಯಲ್ಲಿ ಹೂತು ಬೇಯಿಸಿದೆವು. ಇಮೋಜೆನ್ ಗುಂಡಿಯ ಪಕ್ಕ ಕೂತು ಡಬ್ಬದ ಅವರೆಕಾಳು ತಿಂದಳು. ಡಾಕ್ಟರು ಹೇಳಿದ ಮಿತಿಗಿಂತ ಡಲ್ಸಿ ಒಂದು ತುಂಡು ಹೆಚ್ಚು ತಿಂದದ್ದನ್ನು ಶರೆಲ್ ನೋಡಿಯೂ ನೋಡದಂತೆ ಬೇರೆ ಕಡೆ ತಿರುಗಿದ್ದನ್ನು ನಾನು ನೋಡಿದೆ.

ಆ ಮಧ್ಯಾಹ್ನ ಡಲ್ಸಿ ದಾರಿಯನ್ನು ಗುಡ್ಡದ ಹತ್ತಿರಕ್ಕೆ ತಂದಳು. ಗುಡ್ಡ ಅರ್ಧ ಎದ್ದಿತ್ತು. ಕೆಂಪೆಂದರೆ ಕೆಂಪು, ಎಡಗಡೆ ಬಿಳಿ ಮರ. ಗುಡ್ಡಕ್ಕೆ ಒಂದು ಗೇಣು ದೂರವಿರುವಾಗ ಅವಳು ಕಡ್ಡಿಯನ್ನು ನೀರಿಗೆ ಹಾಕಿ, "ಇಲ್ಲಿಂದಾಚೆ ಅವನದು. ಅವನ ನೆಲಕ್ಕೆ ನಾನು ಕಾಲಿಡಬಾರದು. ಅವನು ಈ ಕಡೆ ಬಂದು ಕರ್ಕೊಂಡು ಹೋಗ್ಲಿ," ಅಂದಳು.

ಶುಕ್ರವಾರ ಟಪಾಲು ವಿಮಾನ ಬಂತು. ಪಂಪು ಬರದಿರಲಿ ಎಂದು ಊರಿಗೆ ಊರೇ ಹಾರೈಸಿತ್ತು. ಶಾಲೆಯ ಅಡುಗೆಯವಳಂತೂ ಇಗರ್ಜಿಯಲ್ಲಿ ಬಾಯಿಬಿಟ್ಟೇ ಬೇಡಿಕೊಂಡಿದ್ದಳು. ಪಂಪು ಬಂತು. ಅಳಿಯ ಬೆಳಿಗ್ಗೆಯೆಲ್ಲ ಟಾರ್ಪಾಲಿನ ಹಿಂದೆ ಕೂತು ಗುಡ್ಡ ಮುಗಿಸಿ, ಸಂಜೆಗೆ ಪಂಪು ಜೋಡಿಸಿದ.

ಶನಿವಾರ ಬೆಳಿಗ್ಗೆ ನಾವು ಟಾರ್ಪಾಲು ಸರಿಸಿ ನೋಡಿದೆವು. ಗುಡ್ಡ ಪೂರ್ತಿಯಾಗಿತ್ತು. ದಾರಿ ಪೂರ್ತಿಯಾಗಿತ್ತು. ನಡುವೆ ಆ ಗೇಣು ಖಾಲಿಯಿತ್ತು. ಅವನೂ ಗುಡ್ಡದ ಬುಡದಲ್ಲಿ ನಿಲ್ಲಿಸಿದ್ದ. ಒಂಬತ್ತು ಹೆಂಗಸರ ಹೆಜ್ಜೆಗಳು ಗುಡ್ಡದ ಮುಂದೆ ಬಂದು, ಬಸ್ಸು ತಪ್ಪಿಸಿಕೊಂಡವರಂತೆ ನಿಂತಿದ್ದವು.

ಹೊರಗೆ ಗ್ರೇಡರು ಶುರುವಾಗಿತ್ತು. ಶರೆಲ್ ರಜೆಯ ದಿನವೆಂದು ಹವಾಯಿ ಚಪ್ಪಲಿಯಲ್ಲಿದ್ದಳು. ಓಡಿದಳು. ಎಂಜಿನ್ ನಿಲ್ಲಲಿಲ್ಲ, ಗಾಡಿ ಮಾತ್ರ ನಿಂತಿತು. ಅಳಿಯ ಸಭಾಂಗಣಕ್ಕೆ ಬೆನ್ನು ಮಾಡಿ ಮೇಲೆ ಕೂತಿದ್ದ.

ಅವಳು ತಿರುಗಿ ಬಂದು ಏದುಸಿರಿನಲ್ಲಿ ಹೇಳಿದಳು: "ಅದು ಅತ್ತೆಯವರ ದಾರಿ ಅಂತಾರೆ. ಅವರ ಹೆಜ್ಜೆ ಮೇಲೆ ನಾನು ಕೈ ಹಾಕೋಕಾಗಲ್ಲ ಅಂತಾರೆ."

"ಅದು ಅವರ ಗುಡ್ಡದ ಬುಡ ಅಂತ ಹೇಳು. ನಾನು ಬುಡಕ್ಕೆ ಕೈ ಹಾಕೋಕಾಗಲ್ಲ ಅಂತ ಹೇಳು," ಅಂದಳು ಡಲ್ಸಿ.

ಶರೆಲ್ ಹೋದಳು, ಬಂದಳು. "ನೀವು ದೊಡ್ಡವರು, ನೀವೇ ಮುಗಿಸಬೇಕಂತೆ."

"ಅವನು ಗುಡ್ಡದ ಯಜಮಾನ, ಅವನೇ ಬರಮಾಡ್ಕೋಬೇಕು ಅನ್ನು."

ಮತ್ತೆ ಹೋದಳು. ಒಂದು ಚಪ್ಪಲಿ ದಾರಿಯಲ್ಲಿ ಕಿತ್ತುಹೋಯಿತು. ಅದನ್ನು ಕೈಯಲ್ಲಿ ಹಿಡಿದು ಬಂದಳು. ಇಬ್ಬರೂ ಇನ್ನಷ್ಟು ವಿನಯಶಾಲಿಗಳಾಗಿದ್ದರು. ಜಗಳವಾಗಿದ್ದರೆ ಯಾರಾದರೊಬ್ಬರು ಸೋಲುತ್ತಿದ್ದರು. ಈ ಮರ್ಯಾದೆಗೆ ಕೊನೆಯೇ ಕಾಣಲಿಲ್ಲ.

"ನಾನು..." ಎಂದು ಇಮೋಜೆನ್ ಬಾಯಿ ತೆರೆದಳು. ಎಂಟು ಜನ ಅವಳತ್ತ ನೋಡಿದೆವು. ಅವಳು ಬಾಯಿ ಮುಚ್ಚಿಕೊಂಡು ಡಲ್ಸಿಯ ಬೆನ್ನಿಗೆ ದಿಂಬು ಕೊಟ್ಟಳು. ಒಂದು ವಾರದಲ್ಲಿ ಎಷ್ಟು ಕಲಿತಿದ್ದಳು.

ಡಲ್ಸಿ ಆ ಖಾಲಿ ಜಾಗವನ್ನೇ ನೋಡುತ್ತಿದ್ದಳು. "ಎರಡು ತಿಂಗಳಾಗುತ್ತೆ ಅವನು ಬರೋಕೆ," ಅಂದಳು. "ನಿಮಗೆ ಅದು ಎರಡು ತಿಂಗಳು. ನಂಗೆ ಲೆಕ್ಕ ಬೇರೆ. ಅಷ್ಟು ದಿನ ಆ ಕುರ್ಚೀಲಿ ಕೂತು ಇವರು ತಲುಪಲಿಲ್ಲ, ಇವರು ತಲುಪಲಿಲ್ಲ ಅಂತ ನೋಡ್ತಾ ಇರ್ಲಾ? ಅದಕ್ಕಿಂತ ಆ ಕೈ ತೊಳೆಯೋರೇ ವಾಸಿ. ಅವರಾದ್ರೂ ಆರನೇ ಚಿತ್ರದಲ್ಲಿ ಮುಗಿಸ್ತಾರೆ."

ಹೊರಗೆ ಎಂಜಿನ್ ಗುರುಗುಟ್ಟುತ್ತಿತ್ತು.

ಶರೆಲ್ ಕಿತ್ತ ಚಪ್ಪಲಿಯನ್ನು ನೆಲಕ್ಕೆ ಎಸೆದಳು. "ಒಂದು ನಿಮಿಷ. ಈ ಹೊಂಡದ ಕಥೆ ಸರಿಯಾಗಿ ಬರೆದ್ರಾ ಇಲ್ವಾ ಅಂತ ನೋಡೋರು ಯಾರು?"

ನಾವು ಮುಖ ಮುಖ ನೋಡಿಕೊಂಡೆವು. ಅಪ್ಪನ ನೆಲ ಅಪ್ಪನ ಮಕ್ಕಳದು. ಆದರೆ ಅದನ್ನು ಕಾಯುವವರು, ಬರೆಯುವವರು ತಪ್ಪಿದರೆ ಗದರಿಸಿ ತಿದ್ದುವವರು, ಆ ಮನೆಯ ಹೆಣ್ಣುಮಕ್ಕಳ ಮಕ್ಕಳು. ಹಾಡಿಗೂ ಚಿತ್ರಕ್ಕೂ ಯಾವಾಗಲೂ ಹಾಗೆಯೇ. ಡಲ್ಸಿಯ ಕಥೆಗೆ ಕಾವಲು ಶರೆಲ್. ಒಂದು ವಾರವಿಡೀ ಅವಳನ್ನು ಟೆಲಿಫೋನಿನಂತೆ ಬಳಸಿಕೊಂಡು ಇದನ್ನು ನಾವೆಲ್ಲ ಮರೆತೇಬಿಟ್ಟಿದ್ದೆವು.

"ನೀನೇ," ಅಂದಳು ಡಲ್ಸಿ, ಸಣ್ಣ ದನಿಯಲ್ಲಿ. "ಆದ್ರೆ ನಿಂಗೆ ಚಿತ್ರ ಬರಲ್ವಲ್ಲೇ."

ಅದು ನಿಜವೇ. ನಾನೇ ಅವಳಿಗೆ ಪಾಠ ಹೇಳಿದವಳು. ಅವಳು ಬರೆದ ಕುದುರೆಯನ್ನು ಮೇಜೆಂದು ತಿಳಿದು ನಾನು ಅಂಕ ಕೊಟ್ಟಿದ್ದೆ.

ಶರೆಲ್ ಒಂಟಿ ಚಪ್ಪಲಿಯಲ್ಲೇ ಹೊರಗೆ ಹೋಗಿ ಗ್ರೇಡರಿನ ಮೆಟ್ಟಿಲು ಹತ್ತಿದಳು. ಅವಳು ಕೂಗಿದ್ದು ನಮಗೆಲ್ಲ ಕೇಳಿಸಿತು: "ರೀ, ಆ ಗೇಣು ನಾನು ಹಾಕ್ತೀನಿ. ಗುಡ್ಡದವರು ಏನಾದ್ರೂ ಅಂತಾರಾ?"

ಎಂಜಿನ್ ನಿಂತಿತು. ಅಷ್ಟು ಹೊತ್ತಿನ ಗದ್ದಲ ನಿಂತು, ಊರ ಕಿವಿ ತೊಳೆದಂತಾಯಿತು. ಅವನ ಮಾತು ಮೆಲ್ಲಗಿದ್ದರೂ ಅಂಗಳ ದಾಟಿ ಬಂತು.

"ನೀನು ಹಾಕಿದ್ರೆ ಯಾರೂ ತಪ್ಪು ಅನ್ನಲ್ಲ. ಚೆನ್ನಾಗಿಲ್ಲ ಅಂತ ಅನ್ಬಹುದು."

ಅವಳು ಬಂದು ಮೊಣಕಾಲೂರಿದಳು. ಬಿದಿರುಕಡ್ಡಿಯನ್ನು ಸೂಜಿ ಹಿಡಿದಂತೆ ಹಿಡಿದು, ಉಸಿರು ಬಿಗಿಹಿಡಿದು, ಮೊದಲ ಚುಕ್ಕಿ ಇಟ್ಟಳು. ಅದು ಬಟಾಣಿಯಷ್ಟು ದೊಡ್ಡದಾಯಿತು. ಎರಡನೆಯದು ಪಕ್ಕಕ್ಕೆ ಓಡಿತು. ಡಲ್ಸಿಯ ಬಾಯಿಂದ ಏನೋ ಹೊರಟಿತ್ತು, ನಾನು ಅವಳ ಮೊಣಕೈ ಒತ್ತಿದೆ. ಹೆಜ್ಜೆಗಳನ್ನು ಇಡುವಾಗ ಶರೆಲ್ ಒಂದು ಕ್ಷಣ ತಡೆದು, ತಾಯಿಯ ಬಲಗೈಯನ್ನು ಹಿಡಿದು ಅಂಗೈ ಅಂಚನ್ನು ಬಣ್ಣದಲ್ಲಿ ಅದ್ದಿಸಿ, ಅದರ ಮೇಲೆ ತನ್ನ ಕೈಯಿಟ್ಟು ಕ್ಯಾನ್ವಾಸಿನ ಮೇಲೆ ಒತ್ತಿದಳು. ಆ ಕೈಯಲ್ಲಿ ಎರಡು ವರ್ಷಗಳ ಸೂಜಿಗಂಟುಗಳಿವೆ, ಯಾವುದನ್ನೂ ನೋಯಿಸದಂತೆ ಹಿಡಿಯುವುದು ಅವಳಿಗೆ ಗೊತ್ತು. "ಈಗ ಕಾವಲಿನವಳು ಕರ್ಕೊಂಡು ಹೋಗ್ತಿದ್ದಾಳೆ, ನೀವು ದಾಟಬಹುದು," ಅಂದಳು. ಹೀಗೆ ಒಂದೊಂದೇ ಹೆಜ್ಜೆ. ಒಂಬತ್ತು ಹೆಂಗಸರೂ ಗುಡ್ಡ ಸೇರುವ ಹೊತ್ತಿಗೆ ಬಿಸಿಲು ಏರಿತ್ತು.

ಅವಳು ಹೊರಗೆ ಹೋಗಿ ಕೈ ಎತ್ತಿ ತೋರಿಸಿದಳು. ಗ್ರೇಡರು ಮತ್ತೆ ಗುಡುಗಿ, ಡಲ್ಸಿಯ ಬಟ್ಟೆ ಒಣಗುತ್ತಿದ್ದ ಬೀದಿಯನ್ನು ಬಿಟ್ಟು, ಸುತ್ತು ಹಾಕಿಕೊಂಡು ಉತ್ತರಕ್ಕೆ ಹೋಯಿತು. ಇಮೋಜೆನ್ ಅದಕ್ಕೆ ಬೆನ್ನು ಮಾಡಿ, ಕಣ್ಣು ಮುಚ್ಚಿ ನಿಂತಿದ್ದಳು. ಅಷ್ಟೆಲ್ಲ ಬೇಕಿಲ್ಲ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ಸೋಮವಾರ ಕೈ ತೊಳೆಯುವವರನ್ನು ಸಿಂಕಿನ ಮೇಲಕ್ಕೆ ಕಳಿಸಿ, ಚಿತ್ರವನ್ನು ಗೋಡೆಗೆ ಏರಿಸಿದೆವು. ಡಲ್ಸಿ ಕುರ್ಚಿಯಲ್ಲಿ ಕೂತು ಕಾಲು ಚಾಚಿ, ಹೊಂಡದಿಂದ ಹೊರಟಳು. ಗುಡ್ಡದ ಹತ್ತಿರ ಬಂದಾಗ ಕತ್ತು ಓರೆ ಮಾಡಿದಳು.

"ಶರೆಲ್, ಆ ಎರಡನೇ ಚುಕ್ಕಿ ಮೇಕೆ ಹಿಕ್ಕೆ ಥರ ಇದೆ ಕಣೇ. ಆ ಪಕ್ಕದ್ದು ಇನ್ನೂ ಮೋಸ. ನಾನೇನೋ ನೋಡ್ಕೊಂಡು ಇರ್ತೀನಿ, ಆದ್ರೆ ಬಂದೋರೆಲ್ಲ..."

"ಅಮ್ಮಾ," ಅಂದಳು ಶರೆಲ್, ಅವಳ ತೋಳನ್ನು ಮೆಲ್ಲಗೆ ಒರೆಸುತ್ತ. "ಸೂಜಿ ನನ್ನ ಕೈಲಿದೆ."

ಡಲ್ಸಿ ಬಾಯಿ ಮುಚ್ಚಿ, ಐದು ಗಂಟೆ ಅತ್ತಲೇ ನೋಡುತ್ತ ಕೂತಳು.